ನಡ ನೋಡುವವಳು

ನನ್ನ ಹೆಂಡತಿ ಸುಗಂಧಿಗೆ ಅನುಮಾನಪಡಲು ಕಾರಣ ಬೇಡ, ಹೊತ್ತು ಗೊತ್ತೂ ಬೇಡ. ಇಂಡಿಯನ್ ಅಂಗಡಿಯಿಂದ ಕುಚ್ಚಲಕ್ಕಿ ತಂದರೆ ಮೊದಲು ಒಂದು ಹಿಡಿ ತೆಗೆದು ನೀರಿಗೆ ಹಾಕುತ್ತಾಳೆ, ಬಣ್ಣ ಬಿಡುತ್ತದೋ ಎಂದು ನೋಡಲು. ಸ್ಯಾನ್ ಡಿಯೇಗೋದಲ್ಲಿ ಇಡೀ ವಾರ ಬಿಸಿಲು ಎಂದು ಟಿವಿಯವರು ಹೇಳಿದ ವಾರವೇ ಅವಳ ಕಾರಿನಲ್ಲಿ ಕೊಡೆ ಇರುತ್ತದೆ. ಒಲೆ ಆರಿಸಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಮನೆಗೆ ತಿರುಗುವ ಹೆಂಗಸರು ಬೇಕಾದಷ್ಟು ಇದ್ದಾರೆ. ಇವಳು ಹಾಗಲ್ಲ. ಒಲೆ ಆರಿಸಿದ್ದು ಅವಳಿಗೆ ಚೆನ್ನಾಗಿ ನೆನಪಿರುತ್ತದೆ. ಆರಿದೆ ಎಂದು ಒಲೆ ತೋರಿಸುವುದನ್ನು ಮಾತ್ರ ನಂಬುವುದಿಲ್ಲ. "ಐದು ನಿಮಿಷದಲ್ಲಿ ಬಂದೆ" ಎಂದು ನಾನು ಫೋನಿನಲ್ಲಿ ಹೇಳಿದರೆ, "ಎಲ್ಲಿದ್ದೀರಿ ಅಂತ ಮಾತ್ರ ಹೇಳಿ, ಎಷ್ಟು ನಿಮಿಷ ಅಂತ ನಾನು ಹೇಳ್ತೇನೆ" ಎನ್ನುತ್ತಾಳೆ. ಅವಳ ಅಂದಾಜು ಸರಿಯಾಗಿರುತ್ತದೆ ಎಂಬುದೇ ನನ್ನ ಹೊಟ್ಟೆ ಉರಿಸುವ ಸಂಗತಿ.

ನಾನು ಕೃಷ್ಣರಾಜ, ಉಡುಪಿ ಕಡೆಯವನು. ಮಿರಾಮಾರ್ ರಸ್ತೆಯಲ್ಲಿ ಅಡುಗೆಮನೆಯ ಕಟ್ಟೆಗೆ ಹಾಸುವ ಗ್ರಾನೈಟಿನ ಅಂಗಡಿ ಇಟ್ಟಿದ್ದೇನೆ. ನನಗೆ ಎಲ್ಲರ ಮಾತೂ ನಿಜ ಅನ್ನಿಸುತ್ತದೆ, ಹಾಗಾಗಿ ವ್ಯಾಪಾರದಲ್ಲಿ ಅಷ್ಟಕ್ಕಷ್ಟೆ. ಸುಗಂಧಿಯದು ಕರ್ನಿ ಮೆಸಾದಲ್ಲಿ ಕೆಲಸ. ಆಸ್ಪತ್ರೆಯಲ್ಲಿ ರೋಗಿಗೆ ಹನಿಹನಿಯಾಗಿ ಔಷಧ ಬಿಡುವ ಯಂತ್ರವನ್ನು ಒಂದು ಕಂಪನಿ ಮಾಡುತ್ತದೆ, ಅದನ್ನು ಟೆಸ್ಟ್ ಮಾಡುವುದು ಅವಳ ಕೆಲಸ. ಯಂತ್ರ ಸರಿಯಾಗಿದೆ ಎಂದು ಇಂಜಿನಿಯರುಗಳು ಕೈ ತೊಳೆದುಕೊಂಡ ಮೇಲೆ, ಇಲ್ಲ, ಸರಿಯಾಗಿಲ್ಲ ಎಂದು ಇವಳು ತೋರಿಸಬೇಕು. ಮನೆಯಲ್ಲಿ ಬಿಟ್ಟಿ ಮಾಡುವ ಕೆಲಸಕ್ಕೆ ಅಲ್ಲಿ ಸಂಬಳ ಕೊಡುತ್ತಾರೆ.

ಈ ಗುಣ ಹುಟ್ಟಿನಿಂದ ಬಂದದ್ದಲ್ಲ, ಕಲಿಸಿದ್ದು. ಕಲಿಸಿದವರು ಶಿವಕ್ಕ ಟೀಚರ್. ಧಾರವಾಡದ ಕಡೆಯಿಂದ, ಸುಗಂಧಿ ಓದುತ್ತಿದ್ದ ಕುಂದಾಪುರದ ಶಾಲೆಗೆ ವರ್ಗವಾಗಿ ಬಂದ ಆಟದ ಟೀಚರ್ ಅವರು. ಕೆಂಪು ಮಣ್ಣಿನ ಮೈದಾನದ ಎರಡು ತುದಿಗೆ ಕಬ್ಬಿಣದ ಕಂಬ ನೆಟ್ಟು, ಹುಡುಗಿಯರಿಗೆ ಬಾಸ್ಕೆಟ್‌ಬಾಲ್ ಹೇಳಿಕೊಟ್ಟರು. ಸುಗಂಧಿ ಕುಳ್ಳಿ. ಅವಳು ಎಸೆದ ಚೆಂಡು ಬುಟ್ಟಿಗೆ ಬೀಳುವುದಕ್ಕಿಂತ ಪಕ್ಕದ ತೆಂಗಿನ ಮರಕ್ಕೆ ಬಡಿಯುವುದೇ ಹೆಚ್ಚು. ಶಿವಕ್ಕ ಟೀಚರ್ ಅವಳನ್ನು ಎದುರಾಳಿಯನ್ನು ತಡೆಯುವ ಜಾಗಕ್ಕೆ ಹಾಕಿ, ಹೀಗೆ ಹೇಳಿದರಂತೆ: "ಕಣ್ಣು ನೋಡಬ್ಯಾಡ, ಕಣ್ಣು ಸುಳ್ಳು ಹೇಳತಾವ. ಕೈ ನೋಡಬ್ಯಾಡ, ಕೈನೂ ಸುಳ್ಳು ಹೇಳತಾವ. ನಡಾ ನೋಡು. ನಡಾ ಸುಳ್ಳು ಹೇಳಂಗಿಲ್ಲ."

ನಡ ಎಂದರೆ ಸೊಂಟ. ಚೆಂಡು ಹಿಡಿದವಳು ಬಲಕ್ಕೆ ನೋಡಿ ಎಡಕ್ಕೆ ಓಡಬಹುದು, ಭುಜ ಕುಣಿಸಿ ಮೋಸ ಮಾಡಬಹುದು, ಆದರೆ ಸೊಂಟವನ್ನು ಬಿಟ್ಟು ಮೈ ಎಲ್ಲಿಗೂ ಹೋಗಲಾರದು. ಸುಗಂಧಿ ಸೊಂಟಕ್ಕೆ ಕಣ್ಣು ನೆಟ್ಟು ಯೂನಿವರ್ಸಿಟಿ ತಂಡದವರೆಗೂ ಹೋದಳು. ಎದುರಾಳಿಗಳು ಅವಳಿಗೆ 'ಅಂಟು' ಎಂದು ಹೆಸರಿಟ್ಟಿದ್ದರಂತೆ. ಬಿದ್ದಾಗ ಯಾರಾದರೂ ಎಬ್ಬಿಸಲು ಕೈ ಚಾಚಿದರೆ ಹಿಡಿಯುತ್ತಿರಲಿಲ್ಲ. ಒಮ್ಮೆ ಎದುರು ತಂಡದ ಹುಡುಗಿಯೊಬ್ಬಳು ಅರ್ಧ ಎಬ್ಬಿಸಿ ಕೈ ಬಿಟ್ಟಿದ್ದಳಂತೆ. ಆವತ್ತು ಪೆಟ್ಟಾದ ಎಡ ಸೊಂಟ ಇವತ್ತಿಗೂ ಸ್ವಲ್ಪ ಓರೆ. ಆಮೇಲೆ ಅವಳು ಯಾರ ಕೈಯನ್ನೂ ಹಿಡಿದವಳಲ್ಲ, ನನ್ನದನ್ನೂ ಸೇರಿಸಿ. ಟೊರಿ ಪೈನ್ಸ್ ಕಡಲಿಗೆ ಇಳಿಯುವ ಮೆಟ್ಟಿಲಲ್ಲಿ ನಾನು ಕೈ ಚಾಚಿದಾಗೆಲ್ಲ, "ನೀವು ಬಿಡ್ತೀರಿ ಅಂತಲ್ಲ, ಬಿಡ್ಲಿಕ್ಕಿಲ್ಲ ಅಂತ ಹೇಗೆ ಹೇಳುವುದು?" ಎಂದು ಕಂಬಿ ಹಿಡಿದು ಇಳಿಯುತ್ತಾಳೆ. ಮದುವೆಯಾಗಿ ಇಷ್ಟು ವರ್ಷವಾದ ಮೇಲೂ ಕಂಬಿಗಿರುವ ಮರ್ಯಾದೆ ನನಗಿಲ್ಲ.

ಅವಳ ಇನ್ನೊಂದು ಅಭ್ಯಾಸವನ್ನೂ ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದಿನದೆಲ್ಲ ನಡೆದದ್ದು ಅದರಿಂದಲೇ. ಅಂಕಣಕ್ಕೆ ಕಾಲಿಡುವ ಮುಂಚೆ ಗೆರೆಯ ಹೊರಗೆ ನಿಂತು, ಬಗ್ಗಿ, ಬಲಗೈಯಲ್ಲಿ ನೆಲ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಾಳೆ. ನಮ್ಮಲ್ಲಿ ಆಟಗಾರರು, ವೇಷ ಕಟ್ಟುವವರು, ಲಾರಿ ಹತ್ತುವ ಡ್ರೈವರುಗಳು ಎಲ್ಲರೂ ಮಾಡುವುದೇ. ಅದಕ್ಕೊಂದು ಕಾರಣ ಇರಬಹುದು ಎಂದು ನನಗೆ ಹೊಳೆದೇ ಇರಲಿಲ್ಲ.

ಎರಡು ಸಾವಿರದ ಇಪ್ಪತ್ತರಲ್ಲಿ ಎಲ್ಲರೂ ಮನೆಯೊಳಗೆ ಬಂದಿಯಾದಾಗ ನಮ್ಮ ಮಗಳು ಸುಪ್ರೀತಾಳಿಗೆ ಏಷ್ಯಾದ ಬಾಸ್ಕೆಟ್‌ಬಾಲ್ ಕಾರ್ಟೂನು, ಸೀರಿಯಲ್ಲುಗಳ ಹುಚ್ಚು ಹಿಡಿಯಿತು. ಜಪಾನಿನದು, ಕೊರಿಯಾದ್ದು, ತೈವಾನಿನದು, ಯಾವುದಾದರೂ ಸರಿ. ಸ್ಕ್ರಿಪ್ಸ್ ರ್ಯಾಂಚ್‌ನ ನಮ್ಮ ಮನೆಯ ಹಾಲಿನಲ್ಲಿ ಬೆಳಗ್ಗಿನಿಂದ ಸಂಜೆಯವರೆಗೆ ಚೆಂಡಿನ ಸದ್ದು. ಸುಗಂಧಿ ಆಫೀಸಿನ ಕೆಲಸ ಮುಗಿಸಿ ಬಂದು ಮಗಳ ಪಕ್ಕ ಕೂರುವಳು, ಕಳ್ಳನ ಮನೆಗೆ ಬಂದ ಪೊಲೀಸಿನ ಹಾಗೆ. ಕಾರ್ಟೂನಿನ ಹುಡುಗ ಚೆಂಡು ಹಿಡಿದು ಗಾಳಿಗೆ ಹಾರಿದನೆಂದರೆ ಅಲ್ಲೇ ಇರುತ್ತಿದ್ದ. ಅವನ ಬಾಲ್ಯ, ತೀರಿಹೋದ ತಂದೆ, ಮುನಿಸಿಕೊಂಡ ಗೆಳೆಯ ಎಲ್ಲ ಅಲ್ಲೇ ನೆನಪಾಗಬೇಕು.

"ಇವ ಕೆಳಗೆ ಬರುವುದು ಯಾವಾಗ ಮಾರಾಯ್ತಿ? ನಾನು ಅನ್ನಕ್ಕಿಟ್ಟು ಬಂದೆ, ಇವ ಇನ್ನೂ ಮೇಲೆಯೇ ಇದ್ದಾನೆ!"

"ಅಮ್ಮಾ, ಇಟ್ಸ್ ಎಮೋಷನಲ್," ಎನ್ನುವಳು ಸುಪ್ರೀತಾ.

ಒಂದು ದಿನ ಕಾರ್ಟೂನಿನ ಹುಡುಗಿಯೊಬ್ಬಳು ಕಣ್ಣು ಬಲಕ್ಕೆ ಹೊರಳಿಸಿ ಎಡಕ್ಕೆ ನುಗ್ಗಿದಳು. ತಡೆಯುವವಳು ಪೂರ್ತಿ ಮೋಸ ಹೋದಳು. ಸುಗಂಧಿಗೆ ಸಿಟ್ಟೇ ಬಂತು. "ನಡ ನೋಡಿದ್ರೆ ಆಯ್ತಲ್ಲ? ಇವಳ ಟೀಚರ್ ಯಾರು?" ಎಂದು ಎದ್ದವಳು ನನ್ನನ್ನು ಮನೆಯ ಮುಂದಿನ ಡ್ರೈವ್‌ವೇಗೆ ಎಳೆದುಕೊಂಡು ಹೋಗಿ, ಕೈಗೆ ಚೆಂಡು ಕೊಟ್ಟು, "ನನ್ನನ್ನು ದಾಟಿ ಹೋಗಿ ನೋಡುವ" ಎಂದಳು. ನಾನು ಲುಂಗಿಯಲ್ಲಿದ್ದೆ. ಲುಂಗಿಯವನ ನಡ ಕಾಣಲಾರದು ಎಂದು ಧೈರ್ಯ ಮಾಡಿ ಎಡಕ್ಕೆ ಹೋದೆ, ಇದ್ದಳು. ಬಲಕ್ಕೆ ಹೋದೆ, ಇದ್ದಳು. ಸುಪ್ರೀತಾ ಅದನ್ನೆಲ್ಲ ಫೋನಿನಲ್ಲಿ ಹಿಡಿದು ಇಂಟರ್ನೆಟ್ಟಿಗೆ ಹಾಕಿದಳು. ಊರ ತುಂಬ ನನ್ನ ಲುಂಗಿ ಪ್ರಸಿದ್ಧವಾಯಿತು.

ಮರುವರ್ಷ ಲಾಸ್ ಏಂಜಲೀಸಿನಿಂದ ಫೋನು ಬಂತು. ಯೂನ್ ಎಂಬ ಕೊರಿಯನ್ ಹೆಂಗಸು, ಅನಿಮೇಷನ್ ನಿರ್ದೇಶಕಿ. ಏಷ್ಯಾದ ಚಾನೆಲ್ಲುಗಳಿಗಾಗಿ ಸಮುದ್ರದ ದಂಡೆಯ ಒಂದೂರಿನ ಹುಡುಗಿಯರ ಬಾಸ್ಕೆಟ್‌ಬಾಲ್ ತಂಡದ ಸೀರಿಯಲ್ ಮಾಡುತ್ತಿದ್ದರು. ಅದರಲ್ಲಿ ಅರವತ್ತು ವರ್ಷದ ಒಬ್ಬಳು ಕೋಚ್. ಎಳೆ ಹುಡುಗಿಯರಿಂದ ಆ ಪಾತ್ರದ ಓಡಾಟ ಮಾಡಿಸಿದರೆ ಸುಳ್ಳು ಕಾಣುತ್ತದೆ, ನಿಮ್ಮ ವಿಡಿಯೋ ನೋಡಿದೆವು, ನಿಮ್ಮ ಮೈಯ ಚಲನೆ ನಮಗೆ ಬೇಕು ಎಂದರು.

ಸುಗಂಧಿ ಫೋನು ಕಟ್ ಮಾಡಿದಳು. ಅವರು ಮತ್ತೆ ಮಾಡಿದರು, ಮತ್ತೆ ಕಟ್ ಮಾಡಿದಳು. ಕೊನೆಗೆ, ನೀವು ನಿಜವಾದವರೇ ಆದರೆ ವಿಡಿಯೋ ಕಾಲ್ ಮಾಡಿ, ಆಫೀಸಿನ ಹೊರಗೆ ನಿಂತು ಬೋರ್ಡು ತೋರಿಸಿ, ಬೀದಿಯ ತಿರುವಿನವರೆಗೆ ನಡೆಯಿರಿ ಎಂದಳು. ಆ ಪುಣ್ಯಾತ್ಗಿತ್ತಿ ನಗುತ್ತಾ ನಡೆದೇಬಿಟ್ಟಳು. ಅದಕ್ಕೆ ಸುಗಂಧಿಯ ಅನುಮಾನ ಇನ್ನೂ ಹೆಚ್ಚಾಯಿತು. "ಇಷ್ಟು ತಾಳ್ಮೆ ಒಳ್ಳೆಯವರಿಗೆ ಎಲ್ಲಿಂದ ಬರ್ತದೆ?"

ಅವಳಿಗೆ ಹೋಗುವ ಆಸೆ ಇತ್ತು. ಆಡುವುದು ಬಿಟ್ಟು ಎಷ್ಟೋ ವರ್ಷವಾಗಿತ್ತು, ಅವಳ ಆಟ ಬೇಕು ಎಂದು ಯಾರೂ ಕೇಳಿರಲಿಲ್ಲ. ಕೇಳಿದವರು ಅರವತ್ತರ ಮುದುಕಿಯ ಪಾತ್ರಕ್ಕೆ ಕೇಳಿದರು ಎಂಬುದೊಂದು ಮುಳ್ಳು. "ನನಗೆ ನಲ್ವತ್ತೈದು ಅಂತ ಅವರಿಗೆ ಹೇಳಿದ್ದೀರಾ?" ಎಂದು ನನ್ನ ಮೇಲೆ ಹಾಯ್ದಳು. ನನ್ನನ್ನು ಯಾರು ಕೇಳಿದ್ದರು?

ಕೊನೆಗೆ ಒಪ್ಪಿ ಹೋದೆವು. ಸ್ಟುಡಿಯೋ ಲಾಸ್ ಏಂಜಲೀಸಿನ ಪಕ್ಕದ ಬರ್‌ಬ್ಯಾಂಕಿನಲ್ಲಿ, ಹೊರಗಿನಿಂದ ಗೋದಾಮು. ಒಳಗೆ ಮರದ ಹಲಗೆ ಹಾಸಿ ಅಂಕಣದ ಗೆರೆ ಎಳೆದಿದ್ದರು. ಸುತ್ತಲೂ ಕ್ಯಾಮೆರಾ. ಸುಗಂಧಿಗೆ ಮೈಗಂಟುವ ಕರಿಯ ಉಡುಪು ತೊಡಿಸಿ, ಕೀಲುಕೀಲಿಗೆ ಗೋಲಿಯಷ್ಟು ಗಾತ್ರದ ಬೂದು ಗುಂಡುಗಳನ್ನು ಅಂಟಿಸಿದರು. ಕ್ಯಾಮೆರಾಗಳು ಆ ಗುಂಡುಗಳನ್ನಷ್ಟೇ ನೋಡುತ್ತವಂತೆ. ಅವು ಅಲ್ಲಾಡಿದ ಹಾಗೆ ಕಂಪ್ಯೂಟರಿನೊಳಗೆ ಕಾರ್ಟೂನು ಕೋಚ್ ಅಲ್ಲಾಡುತ್ತಾಳೆ. ಮೂಲೆಯಲ್ಲಿ ನನಗೊಂದು ಕುರ್ಚಿ ಹಾಕಿಕೊಟ್ಟರು.

"ರೆಡಿ" ಎಂದರು ಯೂನ್. ಸುಗಂಧಿ ಗೆರೆಯ ಹತ್ತಿರ ಬಂದಳು, ಬಗ್ಗಿದಳು, ನೆಲ ಮುಟ್ಟಿ ಕೈಯನ್ನು ಕಣ್ಣಿನ ಬಳಿ ತಂದಳು.

"ಸ್ಟಾಪ್! ಗುಂಡು ಬಿತ್ತು!" ಎಂದು ಯಾರೋ ಕೂಗಿದರು. ಡೆರೆಕ್ ಎಂಬ ಕ್ಯಾಮೆರಾದ ಉದ್ದನೆಯ ಹುಡುಗ ಓಡಿ ಬಂದು ಮಂಡಿಯೂರಿ ನೆಲ ತಡಕಿದ. ಇನ್ನಿಬ್ಬರು ಬಂದು ಸೇರಿದರು. ಗುಂಡುಗಳನ್ನು ಎಣಿಸಿದರೆ ಎಲ್ಲವೂ ಮೈಮೇಲೇ ಇದ್ದವು. ಯೂನ್ ಬಂದು ಕುತೂಹಲದಿಂದ ಕೇಳಿದರು, ಅದೇನು ಮಾಡಿದಿರಿ ಎಂದು.

ಸುಗಂಧಿ ಅವರ ಮುಖ ನೋಡಿದಳು, ಡೆರೆಕ್‌ನ ಮುಖ ನೋಡಿದಳು. "ನೆಲ ಜಾರುತ್ತದೋ ಅಂತ ಪರೀಕ್ಷೆ ಮಾಡಿದೆ. ಬೆರಳಿಗೆ ನೀರು ಹತ್ತಿದೆಯೋ ಅಂತ ನೋಡಿಕೊಂಡೆ," ಎಂದಳು.

ಯೂನ್‌ಗೆ ಬಹಳ ಮೆಚ್ಚುಗೆಯಾಯಿತು. ಇದು ಆ ಪಾತ್ರಕ್ಕೆ ಹೇಳಿ ಮಾಡಿಸಿದಂತಿದೆ, ಪ್ರತಿಸಲವೂ ಮಾಡಿ ಎಂದರು.

ವಾಪಸ್ ಬರುವಾಗ ಅರ್ವೈನ್ ಹತ್ತಿರ ಕಾರುಗಳೆಲ್ಲ ನಿಂತಿದ್ದವು. ನಾನು ಕೇಳಿದೆ, "ನಮಸ್ಕಾರ ಅಂತ ಹೇಳ್ಲಿಕ್ಕೆ ಎಂತ ಕಷ್ಟ ನಿನಗೆ?"

"ಹೇಳಿದ್ರೆ ನಾಳೆ ಆ ಕೋಚಿನ ತಲೆಗೆ ರುಮಾಲು ಸುತ್ತಿ ಕೈಗೊಂದು ಹಾವು ಕೊಟ್ಟಾರು. ಕಾರ್ಟೂನಿನವರು ಮಾರಾಯ್ರೆ, ನಗಿಸ್ಲಿಕ್ಕೆ ಎಂತ ಸಿಕ್ಕಿದ್ರೂ ಬಿಡುವುದಿಲ್ಲ. ನಂಬ್ಲಿಕ್ಕಾಗ್ತದಾ?"

ಹಾವಿನ ಮಾತು ನನಗೂ ಸರಿ ಅನ್ನಿಸಿತು. ನನಗೆ ಎಲ್ಲರ ಮಾತೂ ಸರಿ ಅನ್ನಿಸುತ್ತದೆ ಎಂದು ಮೊದಲೇ ಹೇಳಿದೆನಲ್ಲ.

ಇಪ್ಪತ್ತಮೂರರಲ್ಲಿ ಸೀರಿಯಲ್ಲಿನ ಮೊದಲ ಸೀಸನ್ ಬಂತು. ಸುಪ್ರೀತಾ ಹಾಲಿನ ಪರದೆ ಎಳೆದು, ಟಿವಿ ಹಚ್ಚಿ ನಮ್ಮಿಬ್ಬರನ್ನೂ ಕೂರಿಸಿದಳು. ಬಿಳಿ ಕೂದಲಿನ ಒಬ್ಬ ಕೊರಿಯನ್ ಮುದುಕಿ, ಮೂಗು ಕಣ್ಣು ಯಾವುದೂ ನಮ್ಮದಲ್ಲ, ಅಂಕಣದ ಗೆರೆಯ ಹತ್ತಿರ ನಡೆದು ಬಂದಳು. ಎಡಕ್ಕೆ ಚೂರು ಓರೆಯಾದ ನಡಿಗೆ. ನನಗೆ ಮೈ ಜುಮ್ಮೆಂದಿತು. ನನ್ನ ಹೆಂಡತಿ ನನ್ನ ಪಕ್ಕದಲ್ಲಿದ್ದಾಳೆ, ಅಲ್ಲಿಯೂ ಇದ್ದಾಳೆ. ಸುಗಂಧಿ ಎದ್ದು ಹೋಗಿ ಟಿವಿಯ ಮೇಲೆ ಮುದುಕಿಯ ಸೊಂಟದ ಜಾಗದಲ್ಲಿ ಬೆರಳಿಟ್ಟಳು. "ಇದು ನಾನೇ," ಎಂದಳು. ಅಷ್ಟು ಸಂತೋಷವಾಗಿ ಅವಳನ್ನು ನಾನು ನೋಡಿದ್ದು ಕಡಿಮೆ. ಮುದುಕಿ ನೆಲ ಮುಟ್ಟಿ ಬೆರಳನ್ನು ಕಣ್ಣಿನ ಹತ್ತಿರ ಹಿಡಿದು ನೋಡಿಕೊಂಡಳು, ಕತೆ ಮುಂದಕ್ಕೆ ಹೋಯಿತು.

ಎರಡನೇ ಸೀಸನ್‌ಗೆ ಕರೆ ಬರಲಿಲ್ಲ. ಆದರೆ ಇಪ್ಪತ್ತೈದರಲ್ಲಿ ಸೀಸನ್ ಬಂದೇಬಂತು, ಅದೂ ಕೋಚಿನದೇ ಕತೆ, ಪ್ರತಿ ಕಂತಿನಲ್ಲೂ ಅವಳೇ. ಸುಗಂಧಿ ಮೊದಲ ಕಂತು ಮುಗಿಯುವುದರೊಳಗೆ ತೀರ್ಮಾನಕ್ಕೆ ಬಂದಿದ್ದಳು. "ನನ್ನ ಮೈಯ ಲೆಕ್ಕ ಎಲ್ಲ ಅವರ ಕಂಪ್ಯೂಟರಿನಲ್ಲಿ ಉಂಟು. ನನ್ನನ್ನು ಕೇಳದೆ ನನ್ನನ್ನೇ ಓಡಿಸ್ತಿದ್ದಾರೆ."

ಇಮೇಲ್ ಬರೆದಳು. ಯೂನ್ ಉತ್ತರಿಸಿದರು: ಇಲ್ಲ, ಈ ಸಲ ಓಡಾಟ ಜಾಸ್ತಿ ಇತ್ತು, ಎಳೆಯ ವಯಸ್ಸಿನ ಹೊಸ ಕಲಾವಿದೆಯನ್ನು ತೆಗೆದುಕೊಂಡಿದ್ದೇವೆ, ನಿಮಗೆ ಮೊದಲೇ ತಿಳಿಸಬೇಕಿತ್ತು. ಇಷ್ಟು ನೇರವಾಗಿ ಹೇಳಿದರೆ ಸುಗಂಧಿ ನಂಬುತ್ತಾಳೆಯೇ? ನಡ ನೋಡಿ ತಿಳಿಯೋಣವೆಂದರೆ, ಈ ಸೀಸನ್ನಿನಲ್ಲಿ ಕೋಚಿಗೆ ಮಂಡಿಯವರೆಗೆ ಮಳೆಕೋಟು ತೊಡಿಸಿದ್ದರು.

"ನೋಡಿದ್ರಾ? ನಡ ಮುಚ್ಚಿದ್ದಾರೆ. ಯಾಕೆ ಮುಚ್ಚಿದ್ರು ಹೇಳಿ?"

ಈ ಸಲ ನನ್ನ ತಲೆಗೂ ಹುಳ ಹೊಕ್ಕಿತು. ಅಡುಗೆಮನೆಯಲ್ಲಿ ಅದೇ ಮಾತು, ಕಾರಿನಲ್ಲಿ ಅದೇ ಮಾತು. ಗ್ರಾನೈಟು ನೋಡಲು ಬಂದ ಗಿರಾಕಿಗಳ ಹತ್ತಿರವೂ ನಾನು ಮಳೆಕೋಟಿನ ವಿಷಯ ಹೇಳತೊಡಗಿದೆ.

ನಾಲ್ಕನೇ ಕಂತಿನಲ್ಲಿ ಕೋಚ್ ತನ್ನ ಹುಡುಗಿಯರನ್ನು ಗೆರೆಯ ಹೊರಗೆ ಸಾಲಾಗಿ ನಿಲ್ಲಿಸಿದಳು. ಬಗ್ಗಿ ನೆಲ ಮುಟ್ಟಿದಳು, ಹೆಬ್ಬೆರಳಿನಿಂದ ಬೆರಳು ಉಜ್ಜಿ ನೋಡಿದಳು, ತೊಡೆಗೆ ಒರೆಸಿದಳು. "ಯಾರನ್ನೂ ನಂಬಬೇಡಿ," ಎಂದಳು. "ನೆಲವನ್ನೂ."

ಸುಪ್ರೀತಾ "ಕೂಲ್!" ಎಂದಳು. ನಾನು ಟಿವಿ ಬಿಟ್ಟು ಸುಗಂಧಿಯನ್ನು ನೋಡಿದೆ. ಬಲಗೈಯನ್ನು ಎಡಗೈಯಿಂದ ಮುಚ್ಚಿ ಕೂತಿದ್ದಳು.

ಆ ತಿಂಗಳು ಕನ್ನಡ ಸಂಘದ ಪಿಕ್ನಿಕ್ ಪೋವೇಯ ಪಾರ್ಕಿನಲ್ಲಿ. ಮಕ್ಕಳು ಅಲ್ಲಿನ ಬಾಸ್ಕೆಟ್‌ಬಾಲ್ ಅಂಕಣಕ್ಕೆ ಓಡಿದರು. ಓಡಿದವರೆಲ್ಲ ಗೆರೆಯ ಬಳಿ ಗಕ್ಕನೆ ನಿಂತು, ನೆಲ ಮುಟ್ಟಿ, ಬೆರಳು ಉಜ್ಜಿ, ಚಡ್ಡಿಗೆ ಒರೆಸಿಕೊಂಡು ಒಳಗೆ ಹೋದರು. ಸುಗಂಧಿಯ ಕೈಯಲ್ಲಿ ಬಿಸಿಬೇಳೆ ಬಾತಿನ ತಟ್ಟೆ ಇತ್ತು. ಎದುರುಮನೆಯ ಪ್ರಣತಿ, ಹತ್ತು ವರ್ಷದವಳು, ನೀರು ಕುಡಿಯಲು ಬಂದಳು.

"ಅದೆಂತ ಪುಟ್ಟಾ, ನೆಲ ಮುಟ್ಟುವುದು?" ಎಂದು ಸುಗಂಧಿ ಕೇಳಿದಳು.

"ಆಂಟಿ, ಯು ಡೋಂಟ್ ನೋ? ಟ್ರಸ್ಟ್ ನೋಬಡಿ. ನಾಟ್ ಈವನ್ ದ ಫ್ಲೋರ್!" ಎಂದು ಆ ಮಗು ನಗುತ್ತಾ ಓಡಿತು.

ಸುಗಂಧಿ ಬಾತು ತಿನ್ನಲಿಲ್ಲ. ಕಾರಿಗೆ ಬಂದು ಕೂತ ಮೇಲೆ, "ಶುಕ್ರವಾರ ಲಾಸ್ ಏಂಜಲೀಸಿಗೆ ಹೋಗ್ಲಿಕ್ಕುಂಟು," ಎಂದಳು.

"ಮೈ ಕದ್ದದ್ದು ಕೇಳ್ಲಿಕ್ಕಾ?"

"ಹೌದು."

"ಅಷ್ಟೇನಾ?"

"ಅಷ್ಟೇ," ಎಂದು ಕಿಟಕಿಯ ಕಡೆ ತಿರುಗಿದಳು. ಅವಳ ಹಾಗೆ ನನಗೆ ನಡ ನೋಡಲು ಬರುವುದಿಲ್ಲ, ಆದರೆ ಅಷ್ಟೇ ಅಲ್ಲ ಎಂದು ಗೊತ್ತಾಯಿತು.

ಶುಕ್ರವಾರ ಇಡೀ ದಾರಿ ಇಂಗ್ಲಿಷಿನಲ್ಲಿ ಜಗಳದ ಅಭ್ಯಾಸ ಮಾಡಿದಳು. ಓಷನ್‌ಸೈಡ್ ದಾಟುವಾಗ ಮೃದುವಾಗಿ, ಸ್ಯಾನ್ ಕ್ಲೆಮೆಂಟೆ ಹತ್ತಿರ ಗಟ್ಟಿಯಾಗಿ. ಬರ್‌ಬ್ಯಾಂಕ್ ತಲುಪುವಾಗ ನಾನೇ ಕಳ್ಳನೇನೋ ಅನ್ನಿಸುತ್ತಿತ್ತು. ಯೂನ್ ಬಾಗಿಲಿಗೆ ಬಂದು ಕಾಫಿ ಬೇಕೇ ಎಂದು ಕೇಳಿದರು. ಸುಗಂಧಿ ಕಾಫಿ ಬೇಡ ಎಂದಳು. ಎರಡನೇ ಸೀಸನ್ನಿನಲ್ಲಿ ಇರುವುದು ನನ್ನ ದೇಹ, ಇಲ್ಲ ಎನ್ನುವುದಾದರೆ ಆ ಹೊಸಬಳನ್ನು ನನಗೆ ತೋರಿಸಿ ಎಂದಳು. ಯೂನ್ ಕೋಪಿಸಿಕೊಳ್ಳಲಿಲ್ಲ. "ಬನ್ನಿ. ಮೂರನೇ ಸೀಸನ್ನಿನ ಕೆಲಸ ನಡೆಯುತ್ತಾ ಇದೆ, ಒಳಗೇ ಇದ್ದಾಳೆ," ಎಂದರು.

ಲಿಗಾಯಾ ಎಂಬ ಫಿಲಿಪಿನೋ ಹುಡುಗಿ, ನಮ್ಮ ಸ್ಯಾನ್ ಡಿಯೇಗೋದ ಪಕ್ಕದ ನ್ಯಾಷನಲ್ ಸಿಟಿಯವಳು. ಕರಿಯ ಉಡುಪು, ಬೂದು ಗುಂಡುಗಳು. ಮಳೆಕೋಟು ಮಾತ್ರ ಇಲ್ಲ. ಅಂಕಣದಲ್ಲಿ ಮುದುಕಿಯ ಹಾಗೆ ಬೆನ್ನು ಬಾಗಿಸಿ ಅತ್ತಿಂದಿತ್ತ ಜಾರುತ್ತಿದ್ದಳು. ಸುಗಂಧಿ ಅವಳ ಮುಖವನ್ನೇ ನೋಡಲಿಲ್ಲ. ಸೊಂಟ ನೋಡುತ್ತಾ ನಿಂತಳು. ಬಹಳ ಹೊತ್ತು ನಿಂತಳು. ಆಮೇಲೆ ನನ್ನ ಕಡೆ ಬಾಗಿ ಕನ್ನಡದಲ್ಲಿ ಹೇಳಿದಳು, "ಇದು ನಾನಲ್ಲ. ಟಿವಿಯಲ್ಲಿ ಮಳೆಕೋಟು ಅಲ್ಲಾಡ್ತಿದ್ದದ್ದು ಇದೇ ಹದಕ್ಕೆ. ಇವಳ ನಡ ಹಗುರ ಉಂಟು. ಭಾರ ಇರುವ ಹಾಗೆ ಮಾಡ್ತಾಳೆ, ಅಷ್ಟೇ."

"ಮತ್ತೆ ಮಳೆಕೋಟು?"

ಯೂನ್‌ರನ್ನು ಕೇಳಿದೆವು. ಎರಡನೇ ಸೀಸನ್ ಮಳೆಗಾಲದ ಕತೆ, ಅದಕ್ಕೆ ಮಳೆಕೋಟು ಎಂದರು.

ಅಲ್ಲಿಗೆ ಮುಗಿಯಬೇಕಿತ್ತು. ಕಳ್ಳತನ ಇಲ್ಲ, ಜಗಳ ಇಲ್ಲ. ನಾನು ಜೇಬಿನಿಂದ ಕಾರಿನ ಕೀ ತೆಗೆದೆ. ಅಷ್ಟರಲ್ಲಿ "ಇನ್ನೊಮ್ಮೆ ಮೊದಲಿನಿಂದ" ಎಂದು ಡೆರೆಕ್ ಕೂಗಿದ. ಲಿಗಾಯಾ ಅಂಕಣದ ಹೊರಗೆ ಬಂದು, ಗೆರೆಯ ಬಳಿ ಬಗ್ಗಿ ನೆಲ ಮುಟ್ಟಿದಳು, ಬೆರಳು ಉಜ್ಜಿದಳು, ತೊಡೆಗೆ ಒರೆಸಿದಳು. ನೆಲ ಮುಟ್ಟಿದ ಕೈಯನ್ನು ಹೊಲಸು ಒರೆಸಿದ ಹಾಗೆ ಒರೆಸಿದಳು. ನನಗೇ ಏನೋ ಕಸಿವಿಸಿಯಾಯಿತು.

ಆ ಹುಡುಗಿಗೆ ಆಗಷ್ಟೇ ತಿಳಿಯಿತು, ಬಂದವರು ಯಾರೆಂದು. ಓಡಿ ಬಂದಳು. "ನೀವೇನಾ? ನಿಮ್ಮ ರೆಕಾರ್ಡಿಂಗ್ ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಇದೊಂದು ನನಗೆ ತುಂಬ ಇಷ್ಟ. ನೆಲವನ್ನೂ ನಂಬದ ಹೆಂಗಸು! ನಾನು ಸರಿಯಾಗಿ ಮಾಡುತ್ತಿದ್ದೇನೆಯೇ?"

ಸುಗಂಧಿ ಹೌದು ಎಂದಿದ್ದರೆ ನಾವು ಮನೆಗೆ ಬರುತ್ತಿದ್ದೆವು. ಅವಳು ಯೂನ್‌ರನ್ನು ನೋಡಿದಳು, ಡೆರೆಕ್‌ನನ್ನು ನೋಡಿದಳು, ಕ್ಯಾಮೆರಾಗಳನ್ನು ನೋಡಿದಳು. ಅವಳ ತಲೆಯಲ್ಲಿ ಆ ರುಮಾಲು, ಆ ಹಾವು ಓಡುತ್ತಿರುವುದು ನನಗೆ ಕಾಣುತ್ತಿತ್ತು.

"ನಾನು ನಿಮಗೆ ಸುಳ್ಳು ಹೇಳಿದ್ದೆ," ಎಂದಳು ಯೂನ್‌ಗೆ. "ಅದು ಪರೀಕ್ಷೆ ಅಲ್ಲ, ನಮಸ್ಕಾರ. ಹೇಳಿದರೆ ನೀವು ನಗುತ್ತೀರಿ ಅಂತ ನನಗೆ ಅನುಮಾನ ಇತ್ತು. ಈಗಲೂ ಉಂಟು."

ಯಾರೂ ನಗಲಿಲ್ಲ. ಆಮೇಲೆ ಅವಳು ಶಿವಕ್ಕ ಟೀಚರ್ ವಿಷಯ ಹೇಳಿದಳು. ನಡದ ಮಾತು ನನಗೆ ಗೊತ್ತಿತ್ತು. ಅದಕ್ಕೊಂದು ಮುಂದಿನ ಮಾತು ಇತ್ತೆಂದು ಗೊತ್ತಿರಲಿಲ್ಲ. ಅದನ್ನು ಮೊದಲು ಟೀಚರ್ ಹೇಳಿದ ಹಾಗೆಯೇ ಹೇಳಿದಳು, ನನ್ನ ಕಡೆ ತಿರುಗಿ: "ಎಲ್ಲಾರ ಮ್ಯಾಲೂ ಸಂಶೇ ಇಟ್ಕೋ ಸುಗಂಧಿ. ಈ ನೆಲದ ಮ್ಯಾಲೆ ಮಾತ್ರ ಬ್ಯಾಡ. ಯಾರು ಕೆಡವಿದ್ರೂ ನಿನ್ನ ಹಿಡಿಯೂದು ಇದೊಂದ." ಆಮೇಲೆ ಇಂಗ್ಲಿಷಿನಲ್ಲಿ ಅವರಿಗೆ ಹೇ‌ಳಿದಳು. "ನಾನು ನಂಬಿದ್ದು ಅದೊಂದನ್ನೇ. ಈಗ ನಮ್ಮ ಬೀದಿಯ ಮಕ್ಕಳು ಅದನ್ನು ಚಡ್ಡಿಗೆ ಒರೆಸ್ತಾರೆ. ನನ್ನಿಂದ."

ಇಷ್ಟು ವರ್ಷ ಜೊತೆಗೆ ಬಾಳಿದವಳ ಬಗ್ಗೆ ಇಷ್ಟು ದೊಡ್ಡ ಸಂಗತಿ ಬರ್‌ಬ್ಯಾಂಕಿನ ಗೋದಾಮಿನಲ್ಲಿ ಪರರ ಜೊತೆ ನಿಂತು ತಿಳಿಯಬೇಕಾಯಿತಲ್ಲ ಎಂದು ನನಗೆ ದುಃಖವಾಯಿತು. ನೆಲ ಮುಟ್ಟುವುದು ಏಕೆಂದು ಒಂದು ಸಲವಾದರೂ ಕೇಳಬಹುದಿತ್ತು.

"ಪ್ರಸಾರವಾದದ್ದನ್ನು ವಾಪಸ್ ತರಲು ಆಗುವುದಿಲ್ಲ," ಎಂದರು ಯೂನ್. "ಕತೆ ಬರೆಯುವವರು ಕೊರಿಯಾದ ಸಿಯೋಲ್‌ನಲ್ಲಿದ್ದಾರೆ. ಅವರ ಹತ್ತಿರ ಮಾತಾಡುತ್ತೇನೆ. ಬದಲಾಯಿಸುತ್ತಾರೆ ಎಂದು ಮಾತು ಕೊಡಲಾರೆ."

ಸುಗಂಧಿ ತಲೆಯಾಡಿಸಿದಳು. ಖಂಡಿತ ಮಾಡುತ್ತೇವೆ ಎಂದಿದ್ದರೆ ಅವಳು ನಂಬುತ್ತಿರಲಿಲ್ಲ. ಮೂರನೇ ಸೀಸನ್ ಇನ್ನೂ ಬಂದಿಲ್ಲ, ಆ ಮುದುಕಿ ಏನು ಮಾಡುತ್ತಾಳೋ ನಮಗೆ ಗೊತ್ತಿಲ್ಲ. "ಬರ್ಲಿ, ನೋಡುವ" ಎನ್ನುತ್ತಾಳೆ ಸುಗಂಧಿ, ಕುಚ್ಚಲಕ್ಕಿ ನೆನೆಹಾಕುವಾಗಿನ ಅದೇ ದನಿಯಲ್ಲಿ.

ಆದರೆ ಆವತ್ತು ನಾವು ತಕ್ಷಣ ಹೊರಡಲಿಲ್ಲ. ಲಿಗಾಯಾ ದಾರಿಗೆ ಅಡ್ಡ ನಿಂತಿದ್ದಳು. "ನನಗೆ ತೋರಿಸಿ," ಎಂದಳು. "ನಿಜವಾದದ್ದು."

ಸುಗಂಧಿ ಚಪ್ಪಲಿ ಬಿಟ್ಟು ಗೆರೆಯ ಬಳಿ ಹೋದಳು. ಬಗ್ಗಿ, ಪೂರ್ತಿ ಕುಕ್ಕರಗಾಲಿನಲ್ಲಿ ಕೂತು, ಅಂಗೈಯನ್ನು ಹಲಗೆಯ ಮೇಲಿಟ್ಟಳು. ಕೈ ತೆಗೆದು ಒಂದು ಕಣ್ಣಿಗೆ, ಇನ್ನೊಂದು ಕಣ್ಣಿಗೆ ಒತ್ತಿಕೊಂಡಳು. ಹುಡುಗಿ ಪಕ್ಕದಲ್ಲಿ ಕೂತು ಹಾಗೆಯೇ ಮಾಡಿದಳು. ಒರೆಸಲಿಲ್ಲ. ಡೆರೆಕ್ ಕ್ಯಾಮೆರಾ ಹಚ್ಚಿರಲಿಲ್ಲ, ಬಾಗಿಲ ಬಳಿ ಕೈಕಟ್ಟಿ ನಿಂತಿದ್ದ.

ಹುಡುಗಿ ಥಟ್ಟನೆ ಎದ್ದಳು. ಸುಗಂಧಿಗೆ ಏಳಲಾಗಲಿಲ್ಲ. ಆ ಎಡ ಸೊಂಟ ಹಿಡಿದುಕೊಂಡಿತ್ತು. ನಾನು ಒಂದು ಹೆಜ್ಜೆ ಮುಂದಿಟ್ಟವನು ಅಲ್ಲೇ ನಿಂತೆ. ಚಾಚಿದರೂ ಹಿಡಿಯುವವಳಲ್ಲ, ಅಷ್ಟು ಜನರ ಮುಂದೆ ಯಾಕೆ ಎಂದುಕೊಂಡೆ. ಲಿಗಾಯಾಳಿಗೆ ಇದೊಂದೂ ಗೊತ್ತಿರಲಿಲ್ಲ. ಬಗ್ಗಿ ಎರಡೂ ಕೈ ಚಾಚಿದಳು.

ಸುಗಂಧಿ ಆ ಕೈಗಳನ್ನು ನೋಡಲಿಲ್ಲ, ಮುಖವನ್ನೂ ನೋಡಲಿಲ್ಲ. ಹುಡುಗಿಯ ಸೊಂಟ ನೋಡಿದಳು. ಕಾಲು ಅಗಲಿಸಿ ಗಟ್ಟಿಯಾಗಿ ಊರಿ ನಿಂತ ಸೊಂಟ ಅದು, ಎತ್ತುವವರದು. ಆಮೇಲೆ ಅವಳ ಎರಡೂ ಕೈ ಹಿಡಿದು ಎದ್ದು ನಿಂತಳು.

ನನಗೆ ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ ಹೇಳಲಿ. ಕಾರಿನ ಹತ್ತಿರ ಬಂದಾಗ ಫುಟ್‌ಪಾತಿನ ಅಂಚಿನಲ್ಲಿ ನಾನೂ ಕಾಲು ಅಗಲಿಸಿ ನಿಂತು ಕೈ ಚಾಚಿದೆ. ಸುಗಂಧಿ ನನ್ನನ್ನು ಸೊಂಟದಿಂದ ಕಾಲಿನವರೆಗೆ ಒಮ್ಮೆ ನೋಡಿದಳು.

"ಸ್ವಲ್ಪ ಬಗ್ಗಿ ನಿಲ್ಲಿ," ಎಂದಳು.

ನಾನು ಬಗ್ಗಿ ನಿಂತೆ.